ಕನ್‌ಫ್ರಂಟ್ ಕಲಿಸಿದ ಟೀಚರ್

ನಮ್ಮ ಇಂಗ್ಲಿಷ್ ಟೀಚರ ಎಡಗಣ್ಣು ಬಲಗಣ್ಣಿಗಿಂತ ಚಿಕ್ಕದು. ಸಿಟ್ಟು ಬಂದರೆ ಅದು ಪೂರ್ತಿ ಮುಚ್ಚಿಕೊಳ್ಳುತ್ತಿತ್ತು. ಉಳಿದ ಒಂದೇ ಕಣ್ಣಿನಲ್ಲಿ ಇಡೀ ತರಗತಿಯನ್ನು ಅಂಕೆಯಲ್ಲಿಡುತ್ತಿದ್ದರು. ಉಡುಪಿ ಕಡೆಯವರು, ಮದುವೆಯಾಗಿ ಮುಂಬಯಿಗೆ ಬಂದವರು. ಪರೇಲಿನ ಚಾಳುಗಳ ನಡುವಿನ ನಮ್ಮ ಕನ್ನಡ ಶಾಲೆಯಲ್ಲೇ ಅವರ ಆಯುಷ್ಯ ಕಳೆಯಿತು. ನಿವೃತ್ತಿಯ ನಂತರವೂ ಪಾಠಕ್ಕೆ ಬರುವುದನ್ನು ಬಿಡಲಿಲ್ಲ.

ಕ್ರಿಯಾಪದಗಳನ್ನು ಅವರು ಬೋರ್ಡಿನ ಮೇಲೆ ಬರೆದು ಕಲಿಸಿದವರಲ್ಲ, ಮಾಡಿಸಿ ಕಲಿಸಿದವರು. 'ಕನ್‌ಫ್ರಂಟ್', ಅಂದರೆ ಮುಖಾಮುಖಿಯಾಗುವುದು, ಪಾಠದಲ್ಲಿ ಬಂದ ದಿನ, ನನ್ನ ಡಬ್ಬಿಯ ನೀರುದೋಸೆ ಕದ್ದು ತಿಂದವನನ್ನೇ ನನ್ನೆದುರು ನಿಲ್ಲಿಸಿದರು. ನಾನು ಹಾರಿ ಅವನ ಕಾಲರ್ ಹಿಡಿದೆ.

"ಅದು ಫೈಟ್ ಮಾರಾಯ. ಕೈ ಕೆಳಗೆ ಬಿಡು. ಅವನ ಮುಖ ನೋಡಿ ಹೇಳು, ಎಂತ ಆಯ್ತು ಅಂತ," ಎಂದರು.

ಕಾಲರ್ ಬಿಟ್ಟೆ. ಹೊಡೆಯುವುದೇ ಸುಲಭವಿತ್ತು. ಹೇಗೋ ಹೇಳಿ ಮುಗಿಸಿದೆ; ಅವನು ತಲೆ ತಗ್ಗಿಸಿದ. ಆಮೇಲೆ ಟೀಚರ್ ಉಳಿದ ಬಳಕೆಗಳನ್ನು ತಿಳಿಸಿದರು. ನಾವು ಒಬ್ಬರನ್ನು ಕನ್‌ಫ್ರಂಟ್ ಮಾಡಬಹುದು, ಸಾಕ್ಷಿಯನ್ನು ಮುಂದಿಟ್ಟು ಮಾಡಬಹುದು, ಕಷ್ಟವೇ ಬಂದು ನಮ್ಮನ್ನೂ ಮಾಡಬಹುದು. "ಬೆನ್ನ ಹಿಂದೆ ಮಾತ್ರ ಆಗುವುದಿಲ್ಲ. ಅದಕ್ಕೆ ಚಾಡಿ ಅಂತ ಬೇರೆ ಶಬ್ದ ಉಂಟು." ವಿಲೆ ಪಾರ್ಲೆಯ ಆಫೀಸಿನಲ್ಲಿ ನಾನು ಮೇಲಿನವರ ಮುಖ ನೋಡಿ ಆಗುವುದಿಲ್ಲ ಎನ್ನುವುದು ಅವರು ಕೊಟ್ಟ ಧೈರ್ಯದಿಂದಲೇ.

ಹೋದ ವರ್ಷ ಶಾಲೆಯ ಆಡಳಿತ ಮಂಡಳಿ ಕನ್ನಡ ಮಾಧ್ಯಮದ ತರಗತಿಗಳನ್ನೇ ಮುಚ್ಚಲು ಹೊರಟಿತು. ಮಂಡಳಿಯ ಕಾರ್ಯದರ್ಶಿಗೆ ಬಾಂದ್ರಾದಲ್ಲಿ ದೊಡ್ಡ ಹೋಟೆಲು; ಅವರೂ ಟೀಚರ ಕೈಯಲ್ಲೇ ಕಲಿತವರು. ಅವರು ಬರುವ ದಿನ ಮಕ್ಕಳು, ಹೆತ್ತವರು, ನನ್ನಂಥ ಹಳಬರು ಅಂಗಳದಲ್ಲಿ ಸೇರಿದೆವು. ಯಾರು ಮಾತಾಡಬೇಕೆಂಬುದರಲ್ಲಿ ಎರಡು ಮಾತಿರಲಿಲ್ಲ.

"ನೀವ ಕೇಳ್ರಿ ಟೀಚರ್, ನಮ್ಮ ಹುಡುಗ್ರು ಇನ್ನ ಎಲ್ಲಿಗೆ ಹೋಗಬೇಕಂತ," ಎಂದರು ವಿಜಾಪುರದ ತಾಯಿಯೊಬ್ಬರು. ಟೀಚರ ಎಡಗಣ್ಣು ಆಗಲೇ ಮುಚ್ಚಿತ್ತು.

ಕಾರ್ಯದರ್ಶಿ ಕಾರಿನಿಂದ ಇಳಿದವರೇ ಶೂ ಕಳಚಿ, ಎಲ್ಲರೆದುರು ಟೀಚರ ಕಾಲಿಗೆ ಬಿದ್ದರು. ಕಾಲಿಗೆ ಬಿದ್ದವರ ತಲೆಯ ಮೇಲೆ ಕೈ ಇಡದಿರುವುದು ನಮ್ಮವರಿಗೆ ಗೊತ್ತಿಲ್ಲ. ಟೀಚರ ಕೈ ತಾನಾಗಿ ಹೋಯಿತು.

"ಒಳ್ಳೆಯದಾಗಲಿ ಮಗ," ಎಂದರು. ಅಷ್ಟೇ. ಹರಸಿದ ಬಾಯಲ್ಲೇ ಆಕ್ಷೇಪ ಹೇಗೆ ಎತ್ತುವುದೆಂದು ತಿಳಿಯದೆ ಸುಮ್ಮನೆ ನಿಂತುಬಿಟ್ಟರು.

"ಟೀಚರ ಆಶೀರ್ವಾದವೇ ಸಿಕ್ಕಿತಲ್ಲ, ಇನ್ನೆಂತ ಬೇಕು," ಎಂದು ಕಾರ್ಯದರ್ಶಿ ನಮಗೆಲ್ಲ ಕೈಮುಗಿದರು. ಕಾಲಿಗೆ ಬಿದ್ದದ್ದು ಭಕ್ತಿಯೋ ಉಪಾಯವೋ ನನಗೆ ಇಂದಿಗೂ ಗೊತ್ತಿಲ್ಲ. ಮುಂದಿನ ತಿಂಗಳು ಕನ್ನಡ ತರಗತಿಗಳಿಗೆ ಬೀಗ ಬಿತ್ತು.

ಕಾಯಿಲೆ ಬಿದ್ದ ಟೀಚರನ್ನು ನೋಡಲು ಆಸ್ಪತ್ರೆಗೆ ಹೋದಾಗ ಆ ಮಾತನ್ನು ಅವರೇ ತೆಗೆದರು.

"ಆಶೀರ್ವಾದ ಮಾಡಿದ್ದು ತಪ್ಪಲ್ಲ. ಅವನು ಎದ್ದ ಮೇಲೆ ಕೇಳಬೇಕಿತ್ತು."

"ಕೇಳಿದ್ರೂ ಶಾಲೆ ಉಳೀತಿರಲಿಲ್ಲ ಟೀಚರ್," ಎಂದು ಸಮಾಧಾನ ಹೇಳಿದೆ.

"ಶಾಲೆ ಹೋಗ್ಲಿ ಮಾರಾಯ. ಮಕ್ಕಳು ನೋಡ್ತಾ ಇದ್ರಲ್ಲ."

ಅದೇ ವಾರ ಟೀಚರ್ ತೀರಿಕೊಂಡರು.