ಗಿಲಾವಿನ ಹಿಂದಿನ ಕಂಬ

ಅವರ ಬಲಗೈ ಬೆರಳಿಗೆ ಸದಾ ಗ್ರೀಸು ಹತ್ತಿರುತ್ತಿತ್ತು. ನಮ್ಮ ಮನೆಯ ಚಹದ ಕಪ್ಪಿಗೂ ಅದರ ಕಲೆ. ನಾನು ಗೊಣಗಿದರೆ ನಕ್ಕು, ಅಂಗಿಯ ತುದಿಯಿಂದ ಕಪ್ಪು ಒರೆಸಿ, ಇನ್ನಷ್ಟು ಹೊಲಸು ಮಾಡಿ ಕೊಡುತ್ತಿದ್ದರು.

ಮಾನ್ವಿಯಲ್ಲಿ ನಮ್ಮ ಎದುರುಮನೆಯ ಇಂಜಿನಿಯರು ಅವರು. ರಾಯಚೂರು, ಶಕ್ತಿನಗರ ಎಂದು ಓಡಾಡಿ, ಕಾಂಕ್ರೀಟಿನೊಳಗೆ ಕಣ್ಣಿಗೆ ಕಾಣದ ಬಿರುಕು ಹುಡುಕುವುದು ಅವರ ಕೆಲಸ. ಗ್ರೀಸು ಸವರಿ ಯಂತ್ರವನ್ನು ಗೋಡೆಗೆ ಒತ್ತಿದರೆ, ಕಿವಿಗೆ ಕೇಳದ ಸದ್ದು ಒಳಗೆ ಹೋಗಿ ಮರಳುತ್ತದಂತೆ. ಬಿರುಕಿದ್ದಲ್ಲಿ ಪರದೆಯ ಮೇಲೆ ಬೇರೆ ಬಣ್ಣ ಮೂಡುತ್ತದಂತೆ. ಇಷ್ಟು ನನಗೂ ತಿಳಿಯುತ್ತಿತ್ತು. ತಿಳಿಯದ್ದು ಅವರ ಉತ್ತರ. ಇವತ್ತು ಮಳೆ ಬಂದೀತೇ ಎಂದು ಕೇಳಿದರೂ ಯೋಚಿಸಿ, "ಹೇಳಾಕ ಬರೂದಿಲ್ರಿ" ಎನ್ನುವ ಮನುಷ್ಯ.

ನನ್ನ ಮಗಳ ಮದುವೆ ಓಣಿಯ ಸಮುದಾಯ ಭವನದಲ್ಲಿ ಎಂದು ನಿಶ್ಚಯವಾಗಿತ್ತು. ನಡುಗಂಬದಲ್ಲಿ ಕೂದಲೆಳೆಯಂಥ ಸೀಳು ಕಂಡು, ಒಮ್ಮೆ ನೋಡಿ ಹೇಳಿ ಎಂದು ನಾನೇ ಅವರನ್ನು ಕೇಳಿದೆ. ಅವರು ಬರುವಷ್ಟರಲ್ಲಿ ಭವನದ ಹಿರಿಯರು, ಪರೀಕ್ಷೆಗೆ ಬರುವವರ ಮುಂದೆ ಓಣಿಯ ಮರ್ಯಾದೆ ಉಳಿಯಲಿ ಎಂದು, ಕಂಬಕ್ಕೆ ಸಿಮೆಂಟಿನ ಹೊಸ ಗಿಲಾವು ಮಾಡಿಸಿ ಸುಣ್ಣ ಹೊಡೆಸಿಬಿಟ್ಟಿದ್ದರು! ಹಸಿ ಗಿಲಾವು ಕಂಬಕ್ಕೆ ಸರಿಯಾಗಿ ಕಚ್ಚಿರಲಿಲ್ಲ. ಯಂತ್ರದ ಸದ್ದು ಅದನ್ನು ದಾಟಲೊಲ್ಲದು. ಗಿಲಾವು ಕೆತ್ತಿ ನೋಡಬೇಕು ಎಂದರು ಇಂಜಿನಿಯರು. ಮದುವೆ ಎದುರಿಗಿಟ್ಟುಕೊಂಡು ಕಂಬ ಕೆತ್ತುತ್ತಾರೇನು, ಅಪಶಕುನ ಎಂದರು ಹಿರಿಯರು.

"ಹಂಗಾದ್ರ ಒಳಗ ಬಿರುಕು ಅದನೋ ಇಲ್ಲೋ?" ಎಂದು ಸಿಟ್ಟಿನಿಂದಲೇ ಕೇಳಿದೆ.

"ಗೊತ್ತಾಗವಲ್ದು ಅಕ್ಕಾರ. ಗೊತ್ತಿಲ್ಲದ ಕಂಬದ ಬುಡಕ ಹುಡುಗೀನ ಕುಂದರಸಬ್ಯಾಡ್ರಿ."

ಮೈಯೆಲ್ಲ ಉರಿಯಿತು. ಇದೆ ಎಂದಿದ್ದರೆ ಹೆದರುತ್ತಿದ್ದೆ, ಇಲ್ಲ ಎಂದಿದ್ದರೆ ನೆಮ್ಮದಿಯಿಂದ ಇರುತ್ತಿದ್ದೆ. ಎರಡೂ ಹೇಳದವರ ಮಾತು ಕೇಳಿ, ಬೇಸಿಗೆಯ ಬಿಸಿಲಲ್ಲಿ ಬಯಲಿಗೆ ಶಾಮಿಯಾನ ಹಾಕಿಸಿದೆ. ಇಷ್ಟು ದೊಡ್ಡ ಭವನ ಖಾಲಿ ಬಿಟ್ಟು ನಮ್ಮನ್ನು ಹುರಿಯಲು ಕರೆದಿರೇನು ಎಂದು ದೇವದುರ್ಗದ ಬೀಗರು ಚುಚ್ಚಿದರು. ನಾನು ತಲೆ ತಗ್ಗಿಸಿದೆ. ಇಂಜಿನಿಯರು ಮಾತ್ರ ಭವನದ ಬಾಗಿಲಿಗೆ ಕುರ್ಚಿ ಹಾಕಿಕೊಂಡು, ನೆರಳಿಗೆಂದು ಒಳನುಗ್ಗುವ ಮಕ್ಕಳನ್ನು ದಿನವಿಡೀ ಹೊರಗೆ ಕಳಿಸುತ್ತಿದ್ದರು. ಊಟಕ್ಕೆ ಕರೆದರೂ ಏಳಲಿಲ್ಲ.

ಕಂಬ ಕೆತ್ತಲು ಹಿರಿಯರು ಆಮೇಲೂ ಬಿಡಲಿಲ್ಲ. ಭವನ ಇವತ್ತಿಗೂ ನಿಂತಿದೆ, ಮದುವೆಗಳು ನಡೆಯುತ್ತಲೇ ಇವೆ. ಆ ಇಂಜಿನಿಯರು ನನ್ನ ಮಗಳನ್ನು ಉಳಿಸಿದರೋ, ಬೀಗರ ಮುಂದೆ ನನ್ನ ಮಾನ ಕಳೆದರೋ, ನನಗಿನ್ನೂ ಬಗೆಹರಿದಿಲ್ಲ. ಒಮ್ಮೊಮ್ಮೆ ಬೈದುಕೊಳ್ಳುತ್ತೇನೆ, ಒಮ್ಮೊಮ್ಮೆ ಕಣ್ಣು ತುಂಬುತ್ತದೆ.

ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ದಿವಸದ ಕಾರ್ಯದ ಊಟವನ್ನು ಅವರ ತಮ್ಮಂದಿರು ಅದೇ ಭವನದಲ್ಲಿ ಇಟ್ಟುಕೊಂಡರು. ನಾನು ಒಳಗೆ ಹೋಗಿ ಕಂಬವನ್ನು ನೋಡಿದೆ, ಕೈಯಾಡಿಸಿದೆ. ಏನೂ ತಿಳಿಯಲಿಲ್ಲ. ಊಟಕ್ಕೆ ಕೂರಲು ಮನಸ್ಸಾಗದೆ, ಬಾಗಿಲಿಗೆ ಒಂದು ಕುರ್ಚಿ ಎಳೆದುಕೊಂಡು ಕುಳಿತೆ. ಒಳಗೆ ಓಡಾಡುತ್ತಿದ್ದ ಮಕ್ಕಳನ್ನು ಒಬ್ಬೊಬ್ಬರನ್ನೇ ಕರೆದು ಹೊರಗೆ ಕಳಿಸತೊಡಗಿದೆ. ಯಾಕೆ ಎಂದು ಒಬ್ಬ ಹುಡುಗಿ ಕೇಳಿದಳು.

"ನನಗೂ ಗೊತ್ತಿಲ್ಲವ್ವಾ," ಎಂದೆ. "ಹೊರಗ ಆಡ್ರಿ."