ತವರಿಗೆ ಬಂದ ಫ್ರಿಜ್ಜು

ಆ ಫ್ರಿಜ್ಜು ಕೆಟ್ಟಿದೆ ಎಂದು ಅಕ್ಕ ಫೋನಿನಲ್ಲಿ ಹೇಳಿದ್ದಳೋ, ಬೇಡವಾದದ್ದು ಕೆಟ್ಟೇ ಇರುತ್ತದೆಂದು ನಾನೇ ಅಂದುಕೊಂಡೆನೋ, ಈಗ ಆಣೆ ಮಾಡಿ ಹೇಳಲಾರೆ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುವಾಗ, ಸಾಕ್ಷಿಯಿಲ್ಲದ ಮಾತನ್ನು ನಂಬಬಾರದೆಂದು ಕಲಿತೆ. ನನ್ನ ನೆನಪಿಗೇ ಸಾಕ್ಷಿಯಿಲ್ಲದಿದ್ದರೆ ಏನು ಮಾಡಬೇಕೆಂದು ಅಲ್ಲಿ ಯಾರೂ ಹೇಳಿಕೊಡಲಿಲ್ಲ. ನನ್ನ ಕಿವಿಯಲ್ಲಿ ಉಳಿದಿರುವುದು ಇಷ್ಟು:

“ತಮ್ಮಾ, ಹಳೇ ಫ್ರಿಜ್ ಕೆಟ್ಟಾದ. ನೀ ಬಂದು ಒಯ್ದುಬಿಡು. ಇಲ್ಲಿ ಗುಜರಿಗಿ ಹಾಕಿದ್ರ ತವರಮನಿ ಸಾಮಾನು ಮಾರ್ಕೊಂಡ್ರು ಅಂತಾರಂತ, ಅತ್ತಿ ಬ್ಯಾಡ ಅಂತಾರ.”

ಅಕ್ಕನನ್ನು ಕೊಟ್ಟದ್ದು ಭಾಲ್ಕಿಗೆ. ಮದುವೆಯಲ್ಲಿ ಕೊಡುವ ಕೊಡ, ಬೋಗುಣಿಗಳ ಮೇಲೆಲ್ಲ ಅಕ್ಷರ ಕೊರೆಸಿದ ಅವ್ವ, ಕೆಂಪು ಫ್ರಿಜ್ಜನ್ನೂ ಬಿಡಲಿಲ್ಲ. ಪೇಂಟರನನ್ನು ಕರೆಸಿ ಬಾಗಿಲ ಮೇಲೆ ‘ತವರಿನ ಕಾಣಿಕೆ’ ಎಂದು ಬಿಳಿ ಬಣ್ಣದಲ್ಲಿ ಬರೆಸಿದಳು. ಈಗ ಭಾವ ಎರಡು ಬಾಗಿಲಿನ ಹೊಸ ಫ್ರಿಜ್ಜು ತಂದಿದ್ದರು. ಹಳೆಯದನ್ನು ನಾನು ಟೆಂಪೋದಲ್ಲಿ ಹೇರಿಕೊಂಡು ಬೀದರಿಗೆ ತಂದೆ. ಗಾಂಧಿ ಗಂಜಿನ ಹಿಂದಿನ ಗುಜರಿ ಅಂಗಡಿಗೆ ಹಾಕಿದರೆ ಮುಗಿಯಿತು ಎಂಬುದು ನನ್ನ ಲೆಕ್ಕ. ಒಂದೆರಡು ದಿನದ ಮಟ್ಟಿಗೆ ಮೈಲೂರು ಬಡಾವಣೆಯ ನಮ್ಮ ಮನೆಯ ಪಡಸಾಲೆಯಲ್ಲಿ ಇಳಿಸಿದೆ.

ಎದುರು ಮನೆಯ ನರ್ಸಮ್ಮ, ನಿವೃತ್ತಿಯಾದ ಮೇಲೆ ನಮ್ಮ ಚರ್ಚಿನ ಹೆಂಗಸರ ಪ್ರಾರ್ಥನಾ ಕೂಟ ನಡೆಸುವವರು, ಬಂದು ಬಾಗಿಲ ಮೇಲಿನ ಅಕ್ಷರ ಓದಿದರು. ಮಗಳು ಒಳಗೆ ಇದ್ದಾಳೇನೆಂದು ಮೆಲ್ಲಗೆ ಅವ್ವನನ್ನು ಕೇಳಿದರು. ಮಗಳ ಸಾಮಾನು ತವರಿಗೆ ಮರಳಿದರೆ ಮಗಳೂ ಮರಳಿದಳೆಂದೇ ನಮ್ಮ ಕಡೆ ಅರ್ಥ. ನನಗೆ ಅದು ಹೊಳೆದೇ ಇರಲಿಲ್ಲ. ನಾನು ವಿವರಿಸಿದೆ. ವಿವರಿಸಿದಷ್ಟೂ ಅವರ ಕಣ್ಣಲ್ಲಿ ಕರುಣೆ ಹೆಚ್ಚಿತು.

“ಇರ್ಲಿ ಬಿಡ್ರಿ, ಹೇಳಬ್ಯಾಡ್ರಿ. ದೇವರಿಗಿ ಎಲ್ಲಾ ಗೊತ್ತದ.”

ಭಾನುವಾರ ಆರಾಧನೆಯಲ್ಲಿ ನರ್ಸಮ್ಮ, ರೋಗಿಗಳಿಗಾಗಿ ಬೇಡಿಕೊಂಡ ಮೇಲೆ, ಹೆಸರು ಹೇಳದೆ ‘ಭಾಲ್ಕಿಯಲ್ಲಿ ಕಣ್ಣೀರಿಡುತ್ತಿರುವ ನಮ್ಮ ಮಗಳ’ ಸಂಸಾರಕ್ಕಾಗಿ ಪ್ರಾರ್ಥಿಸಿದರು. ಎಲ್ಲರ ಜೊತೆ ನಾನೂ ತಲೆ ಬಾಗಿಸಿದೆ. ಪ್ರಾರ್ಥನೆಯ ನಡುವೆ ಎದ್ದು ತಿದ್ದುಪಡಿ ಹೇಳುವ ಪದ್ಧತಿ ಎಲ್ಲಿದೆ? ಪ್ರಾರ್ಥನೆ ಎಲ್ಲಿಗೂ ಮುಟ್ಟುವುದಿಲ್ಲವೆಂದು ಕಾಲೇಜಿನ ದಿನಗಳಿಂದ ವಾದಿಸುತ್ತ ಬಂದವನು ನಾನು. ಇದು ಊಟದ ಹೊತ್ತಿಗೆಲ್ಲ ಭಾಲ್ಕಿ ಮುಟ್ಟಿತು.

ಅಕ್ಕನ ಅತ್ತೆಯ ಫೋನು ಬಂತು. “ನಾ ಏನ್ ಮಾಡೀನ್ರಿ ಅಕಿಗಿ? ನನ್ನ ಸೊಸಿ ಸಲುವಾಗಿ ನಿಮ್ಮೂರಾಗ ಯಾಕ ಪ್ರಾರ್ಥನಿ ಮಾಡಸ್ತೀರಿ?”

ಅವರ ಕೈಯಿಂದ ಫೋನು ತೆಗೆದುಕೊಂಡ ಅಕ್ಕ ದನಿ ತಗ್ಗಿಸಿ ಹೇಳಿದಳು: “ಹ್ಯಾಂಗರ ಮಾಡಿ ಈ ಮಾತು ನಿಂದರಸು ತಮ್ಮಾ. ಇಲ್ಲಾಂದ್ರ ನನಗ ಇಲ್ಲಿ ಬಾಳೋದು ಕಠಿಣ ಆಗ್ತದ.”

ಈಗ ಗುಜರಿಗೆ ಹಾಕಿದರೆ ಸಂಬಂಧವೇ ಮುರಿಯಿತೆಂದು ಊರು ತಿಳಿಯುತ್ತದೆ ಎಂದು ಅವ್ವ ಅಡ್ಡ ನಿಂತಳು. ಹೀಗಾಗಿ, ಊರ ಕಣ್ಣಿಗೆ ಬೀಳದಿರಲೆಂದು, ಔರಾದ ದಾಟಿ ಚಿಂತಾಕಿಯ ಸೋದರಮಾವನ ಮನೆಗೆ ಒಯ್ದೆ. ಮಾವ ಹೊರಗೆ ಬಂದು, ಬಾಗಿಲ ಮೇಲಿನ ಅಕ್ಷರ ಓದಿ, ನನ್ನ ಹಿಂದೆ ಇಣುಕಿ ನೋಡಿದರು. “ಅಕಿ ಎಲ್ಲಿ ಅದಾಳೋ?” ಅಂದವರು, ಬೈಬಲ್ ತರುವಂತೆ ಹೆಂಡತಿಯನ್ನು ಕೂಗಿದರು. ನಾನು ಟೆಂಪೋದ ಹಗ್ಗ ಬಿಚ್ಚಲೇ ಇಲ್ಲ.

ಅಲ್ಲಿಂದಲೇ ಭಾಲ್ಕಿಗೆ ಫೋನು ಮಾಡಿದೆ. ತಿರುಗಿ ತಾ, ಆದರೆ ಹಾಡಹಗಲೇ, ಊರ ನಡುವಿನಿಂದ ಹಾಯಿಸಿ ತಾ ಎಂದು ಅಕ್ಕನ ಅತ್ತೆ ಅಪ್ಪಣೆ ಮಾಡಿದರು. ದಾರಿಯಲ್ಲಿ ಔರಾದಿನಲ್ಲಿ ಚಹಾಕ್ಕೆ ನಿಂತಾಗ, ಹೋಟೆಲಿನವನು ಫ್ರಿಜ್ಜು ನೋಡಿ ಯಾರ ಮದುವೆ ಎಂದು ಕೇಳಿದ. ನಮ್ಮ ಅಕ್ಕನದು ಎಂದೆ. ಆ ವಾರವೆಲ್ಲ ನಾನು ಹೇಳಿದ್ದರಲ್ಲಿ ಯಾರಾದರೂ ನಂಬಿದ ಮಾತು ಅದೊಂದೇ.

ಭಾಲ್ಕಿಯಲ್ಲಿ ಅತ್ತೆ ಅಂಗಳದಲ್ಲಿ ನಿಂತು, ಅಕ್ಷರ ಬೀದಿಗೆ ಕಾಣುವಂತೆ ಅದನ್ನು ಮೆಲ್ಲಗೆ ಇಳಿಸಿಕೊಂಡರು. ಅಕ್ಕ ಹೊಸ್ತಿಲಲ್ಲಿ ನಿಂತು ನೋಡಿದಳು. ನಕ್ಕಳೆಂದು ನನ್ನ ನೆನಪು. ಅವ್ವನಿಗೆ ಹಾಗೆ ಹೇಳಿದ್ದರಿಂದ ನೆನಪಾಗಿ ಉಳಿದಿದೆಯೋ ಏನೋ. ಮುಂದಿನ ಭಾನುವಾರ ನಮ್ಮ ಚರ್ಚಿನಲ್ಲಿ ನರ್ಸಮ್ಮ, ಮುರಿದ ಮನೆಯನ್ನು ಕೂಡಿಸಿದ್ದಕ್ಕೆ ದೇವರಿಗೆ ಸ್ತೋತ್ರ ಸಲ್ಲಿಸಿದರು. ಅದನ್ನೂ ತಲೆ ಬಾಗಿಸಿ ಕೇಳಿದೆ. ಅಕ್ಕನ ಮನೆ ಎಂದೂ ಮುರಿದಿರಲಿಲ್ಲ ಎಂದು ಈಗ ಯಾರಿಗೆ ಹೇಳುವುದು? ಹೇಳಲು ನನಗೆ ತಾನೇ ಏನು ಗೊತ್ತು?

ಫ್ರಿಜ್ಜು ಇಂದಿಗೂ ಅಕ್ಕನ ಮನೆಯ ಪಡಸಾಲೆಯಲ್ಲಿದೆ, ಹಳೆಯ ಚಾದರ ಹೊದ್ದು. ಕಳೆದ ಕ್ರಿಸ್‌ಮಸ್ಸಿಗೆ ಹೋದಾಗ, ಅಕ್ಕ ಅಡುಗೆಮನೆಯಲ್ಲಿದ್ದ ಹೊತ್ತಿನಲ್ಲಿ ಚಾದರ ಸರಿಸಿ ಪ್ಲಗ್ ಚುಚ್ಚಿದೆ. ಒಳಗಿನ ದೀಪ ಹತ್ತಿತು. ಗುಂಯ್ಗುಡತೊಡಗಿತು. ಊಟ ಮುಗಿಸಿ ಬಂದು ಐಸಿನ ಖಾನೆಯೊಳಗೆ ಕೈಯಿಟ್ಟು ನೋಡಿದೆ. ಬೆರಳು ಅಂಟುವಷ್ಟು ತಣ್ಣಗಿತ್ತು. ಈ ನಡುವೆ ಅದನ್ನು ಯಾರಾದರೂ ರಿಪೇರಿ ಮಾಡಿಸಿದ್ದರೇ ಎಂದು ಭಾವನನ್ನೂ ಅತ್ತೆಯನ್ನೂ ಬೇರೆ ಬೇರೆಯಾಗಿ ಕೇಳಿದೆ. ಇಬ್ಬರೂ ಇಲ್ಲವೆಂದರು. ಅದನ್ನು ತವರಿಗೆ ಯಾಕೆ ಕಳಿಸಿದೆ ಎಂದು ಅಕ್ಕನನ್ನು ಮಾತ್ರ ಕೇಳಲಾಗಲಿಲ್ಲ.

ಆ ಫ್ರಿಜ್ಜು ಕೆಟ್ಟಿರಲಿಲ್ಲ.