ಎರಡು ಪೆಟ್ಟಿನ ನಡುವೆ

ತಿಮ್ಮದಾಸಯ್ಯ ನಮ್ಮ ಅಂಗಡಿಗೆ ಬಂದರೆ ಬಾಯಿಗಿಂತ ಮೊದಲು ಅವನ ಬೆರಳು ಮಾತಾಡುತ್ತಿತ್ತು. ನರಸಿಂಹರಾಜಪುರದ ಪೇಟೆಯಲ್ಲಿ ನಮ್ಮಪ್ಪನದು ಹಿತ್ತಾಳೆ, ಕಂಚಿನ ಪಾತ್ರೆಗಳ ಅಂಗಡಿ. ಮೆಟ್ಟಿಲು ಹತ್ತಿದವನೇ ನಡುಬೆರಳನ್ನು ಮಡಿಸಿ, ಸಾಲಾಗಿ ಇಟ್ಟಿದ್ದ ಪಾತ್ರೆಗಳನ್ನೆಲ್ಲ ಟಣ್ ಟಣ್ ಎಂದು ತಟ್ಟುತ್ತ ಒಳಗೆ ಬರುತ್ತಿದ್ದ. ಒಂದೊಂದಕ್ಕೂ ಒಂದೊಂದು ತೀರ್ಪು.

"ಇದು ಹಾಡ್ತದೆ. ಇದು ಬರೀ ಕೂಗ್ತದೆ. ಇದಕ್ಕೆ ಎಲ್ಲೋ ಬಿರುಕು ಉಂಟು ಸಾವ್ಕಾರ್ರೇ, ಕೆಮ್ತದೆ ನೋಡಿ."

ಕೊಳ್ಳಲು ಬಂದವರು ಈ ಮಾತು ಕೇಳಿದ ಮೇಲೆ 'ಕೂಗುವ' ಪಾತ್ರೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅಪ್ಪ ಹಲ್ಲು ಕಡಿಯುತ್ತ, "ತಿಮ್ಮಯ್ಯ, ಒಂದು ದಿನ ನಿನ್ನ ಬೆರಳಿಗೆ ಬಾಳೆನಾರು ಸುತ್ತಿ ಕಟ್ಟಿ ಹಾಕ್ತೀನಿ" ಅನ್ನುತ್ತಿದ್ದರು.

"ಕಟ್ಟಿ ಸಾವ್ಕಾರ್ರೇ, ಇನ್ನೂ ಒಂಬತ್ತು ಉಂಟಲ್ಲ" ಅನ್ನುತ್ತಿದ್ದ.

ನನ್ನಪ್ಪನಷ್ಟೇ ವಯಸ್ಸಾದವನನ್ನು ಏಕವಚನದಲ್ಲಿ ಬರೆಯುತ್ತಿದ್ದೇನೆ. ಊರೆಲ್ಲ ಅವನನ್ನು ಹಾಗೇ ಕರೆಯುತ್ತಿತ್ತು, ಮಕ್ಕಳೂ ಕೂಡ. ಹಾಗೆ ಕರೆದವರ ಮನೆಯಲ್ಲಿ ಸಾವಾದರೆ ಮೊದಲು ಹೇಳಿಕಳಿಸುತ್ತಿದ್ದದ್ದು ಮಾತ್ರ ಅವನಿಗೇ. ಹಣೆಯಲ್ಲಿ ನಾಮ, ಹೆಗಲಿಗೆ ಶಂಖ, ಎಡಗೈಯಲ್ಲಿ ಜಾಗಟೆ. ಶ್ರಾವಣದ ಶನಿವಾರಗಳಲ್ಲಿ ಮನೆಮನೆಗೂ ಅಕ್ಕಿಗೆ ಬರುತ್ತಿದ್ದ, ಹೆಣದ ಮುಂದೆ ಹೊಳೆಯವರೆಗೂ ನಡೆಯುತ್ತಿದ್ದ. ಶಂಖ ಜಾಗಟೆಯ ದನಿ ಮುಂದೆ ಹೋಗಿ ದಾರಿ ಬಿಡಿಸದಿದ್ದರೆ ಸತ್ತವರು ಊರಗಡಿಯಲ್ಲೇ ನಿಂತುಬಿಡುತ್ತಾರೆ ಎಂಬ ನಂಬಿಕೆ ನಮ್ಮಲ್ಲಿತ್ತು. ಅಕ್ಕಿಗೂ ಸಾವಿಗೂ ಅದೇ ಜಾಗಟೆ. ಆದರೂ ಮೊರದಲ್ಲಿ ಅಕ್ಕಿ ತೆಗೆದುಕೊಂಡು ಬಾಗಿಲಿಗೆ ಹೋಗಬೇಕೋ, ಕೆಲಸ ನಿಲ್ಲಿಸಿ ಸುಮ್ಮನೆ ಕೂರಬೇಕೋ ಎಂಬುದು ಒಳಮನೆಯಲ್ಲಿದ್ದವರಿಗೂ ಗೊತ್ತಾಗುತ್ತಿತ್ತು.

ನಮ್ಮಜ್ಜಿ ಹೋದಾಗ ಅವನು ಬಾರಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಒಂದು ಪೆಟ್ಟು. ಅದರ ದನಿ ಪೂರ್ತಿ ಆರುವವರೆಗೂ ಕಾಯುತ್ತಿದ್ದ. ಆರಿದ ಮೇಲೂ ಒಂದಿಷ್ಟು ಕಾದು ಇನ್ನೊಂದು. ಆ ನಡುವಿನ ಹೊತ್ತು ನನಗೆ ತಡೆಯಲಾಗುತ್ತಿರಲಿಲ್ಲ. ತಿಥಿ ಮುಗಿದ ಮೇಲೆ ಒಂದು ದಿನ ಅಂಗಡಿಗೆ ಬಂದವನನ್ನು ಕೇಳಿಯೇಬಿಟ್ಟೆ: "ಯಾಕೆ ತಿಮ್ಮಯ್ಯ ಅಷ್ಟು ಹೊತ್ತು ಬಿಡ್ತೀಯ?"

"ಬಾರ್ಸೋಕೆ ಯಾರಿಗಾದ್ರೂ ಬತ್ತದೆ ಮಗಾ. ಬಿಡೋದು ಕಲೀಬೇಕು. ಅಳೋರು ಉಸಿರು ತಗಳೋದು ಆ ಬಿಟ್ಟ ಜಾಗದಲ್ಲೇ. ಅವರ ಉಸಿರಿಗೆ ಜಾಗ ಇಲ್ದಂಗೆ ಬಡಿದ್ರೆ ಅದು ಬರೀ ಗಲಾಟೆ."

ಮುಂದೊಮ್ಮೆ ಊರಿನ ದೊಡ್ಡ ಮನೆಯೊಂದರ ಮದುವೆಗೆ ಶಿವಮೊಗ್ಗೆಯಿಂದ ಬ್ಯಾಂಡಿನವರು ಬಂದಿದ್ದರು. ಬೆಳಗ್ಗೆ ಶುರುವಾದದ್ದು ಊಟದ ಹೊತ್ತಾದರೂ ನಿಲ್ಲಲಿಲ್ಲ. ಊರೆಲ್ಲ ಹೊಗಳುತ್ತಿತ್ತು. ತಿಮ್ಮಯ್ಯ ನಮ್ಮ ಅಂಗಡಿಯ ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತ, "ಪಾಪ, ಅವ್ರಿಗೆ ಹೆದರಿಕೆ ಸಾವ್ಕಾರ್ರೇ. ನಿಲ್ಸಿದ್ರೆ ಯಾರಾದ್ರೂ ಬೈತಾರೆ ಅಂತ" ಅಂದ. ಅಪ್ಪ ಆ ದಿನ ಮನಸ್ಸು ಬಿಟ್ಟು ನಕ್ಕರು.

ಅವನಿಗೆ ರಂಗಿ ಒಬ್ಬಳೇ ಮಗಳು. ಹೆತ್ತ ತಾಯಿ ಬಾಣಂತನದಲ್ಲೇ ಹೋಗಿದ್ದಳು. ನನಗೂ ಅವಳಿಗೂ ಒಂದೇ ವಯಸ್ಸು, ಒಂದೇ ಬಾವಿಯ ನೀರು. ಕೆನ್ನೆ ಎರಡನ್ನೂ ಪೂರಿಯಂತೆ ಉಬ್ಬಿಸಿ ಅಪ್ಪನ ಶಂಖ ಊದುತ್ತಿದ್ದಳು. ಹೆಣ್ಣು ಶಂಖ ಊದಬಾರದು ಎಂದು ಯಾರೋ ಹೇಳಿದ್ದಕ್ಕೆ ತಿಮ್ಮಯ್ಯ, "ಶಂಖಕ್ಕೆ ಬೇಕಾದ್ದು ಉಸಿರು ಮಾರಾಯ. ಮೀಸೆ ಎಂತಕ್ಕೆ?" ಅಂದಿದ್ದ. ನಾನು ಕೊಳಗ ಬೋರಲು ಹಾಕಿ ಬಡಿದರೆ ರಂಗಿ ನನ್ನ ಕೈ ಹಿಡಿದು, "ತಡಿಯೇ. ಈಗಲೇ ಎಂತಾ ಅವಸರ? ಅದಿನ್ನೂ ಮುಗಿದಿಲ್ಲ" ಅನ್ನುತ್ತಿದ್ದಳು. ಎರಡು ಪೆಟ್ಟಿನ ನಡುವೆ ಕಾಯುವುದನ್ನು ನನಗೆ ಕಲಿಸಿದವಳು ಅವಳು.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಒಂದು ಬೇಸಿಗೆ. ಚಳಿಜ್ವರ ನಮ್ಮ ಕಡೆ ಹೊಸದಲ್ಲ. ಮಕ್ಕಳ ಹೊಟ್ಟೆಯಲ್ಲಿ ಜ್ವರಗಡ್ಡೆ ಇಲ್ಲದ ಮನೆಯೇ ಇರಲಿಲ್ಲ. ಆದರೆ ಆ ಸಲ ಅದು ಮನೆಗೊಬ್ಬರನ್ನು ಎಂಬಂತೆ ಎತ್ತಿಕೊಂಡು ಹೋಗತೊಡಗಿತು. ದಿನ ಬೆಳಗಾದರೆ ಜಾಗಟೆ. ಮಲಗಿದವರು ಕಂಬಳಿಯೊಳಗೇ ಆ ದನಿ ಕೇಳಿ, ಇವತ್ತು ಯಾರದು, ನಾಳೆ ನನ್ನದೇ ಎಂದು ಮೈ ಬಿಟ್ಟುಬಿಡುತ್ತಿದ್ದರು. ಆಗ ಊರಿನ ಹಿರಿಯರು ಸೇರಿ ತಿಮ್ಮಯ್ಯನ ಮನೆಗೆ ಹೋದರು. ಅವರಲ್ಲಿ ನಮ್ಮಪ್ಪನೂ ಇದ್ದರು. ಮನೆಯಲ್ಲಿ ನಾನು ಜ್ವರದಿಂದ ಮಲಗಿದ್ದೆ.

"ಜ್ವರ ಇಳಿಯೋವರೆಗೆ ಶಂಖ ಜಾಗಟೆ ಬೇಡ ತಿಮ್ಮಯ್ಯ" ಎಂದರಂತೆ. ಅವನು, "ಆಗ್ಲಿ. ಸತ್ತೋರಿಗೆ ಆಮೇಲೆ ಹೆಂಗಾದ್ರೂ ಹೇಳ್ಕಬಹುದು. ಬದುಕಿರೋರು ಮೊದ್ಲು" ಎಂದು ಮಾತು ಕೊಟ್ಟನಂತೆ.

ಆ ವಾರವೇ ರಂಗಿ ಮಲಗಿದಳು. ಮತ್ತೆ ಏಳಲಿಲ್ಲ.

ನನಗೆ ಯಾರೂ ಹೇಳಿರಲಿಲ್ಲ. ಅಂಗಡಿಗೆ ಅಂಟಿಕೊಂಡೇ ನಮ್ಮ ಮನೆ, ಬೀದಿಯ ಕಡೆಯ ಕಿಟಕಿಯ ಕೆಳಗೆ ನನ್ನ ಹಾಸಿಗೆ. ಬೆಳಗಿನ ಬಿಸಿಲು ಬಂದಿತ್ತು. ಬಹಳ ಜನ ನಡೆಯುವ ಸದ್ದು ಕೇಳಿ ಸರಳು ಹಿಡಿದು ಎದ್ದು ನೋಡಿದೆ. ಮುಂದೆ ತಿಮ್ಮಯ್ಯ. ಎಡಗೈಯಲ್ಲಿ ಜಾಗಟೆ, ಬಲಗೈಯಲ್ಲಿ ಕೋಲು. ಕೋಲು ಎತ್ತಿದ, ಇಳಿಸಿದ, ಕಂಚಿಗೆ ತಾಗುವುದಕ್ಕೆ ಒಂದು ಬೆರಳಿನಷ್ಟು ಇರುವಾಗ ನಿಲ್ಲಿಸಿದ. ಕಾದ. ದನಿ ಆರುವುದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟೂ ಹೊತ್ತು ಕಾದ. ಮತ್ತೆ ಎತ್ತಿದ. ಹಿಂದೆ ಬರುತ್ತಿದ್ದವರೆಲ್ಲ ಅವನು ಬಿಟ್ಟ ಜಾಗದಲ್ಲೇ ಉಸಿರು ತೆಗೆದುಕೊಳ್ಳುತ್ತಿದ್ದರು. ಚಟ್ಟದ ಮೇಲಿದ್ದ ಸೀರೆ ನನಗೆ ಗುರುತಿತ್ತು. ಗೌರಿ ಹಬ್ಬಕ್ಕೆ ನಾವಿಬ್ಬರೂ ಒಂದೇ ಬಗೆಯದು ಉಟ್ಟಿದ್ದೆವು.

ಅಪ್ಪ ಅಂಗಡಿಯ ಮೆಟ್ಟಿಲಿಳಿದು ಅವನೆದುರು ನಿಂತರು. ಅವರು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. "ಬಾರ್ಸು ತಿಮ್ಮಯ್ಯ. ನಾವು ಹೇಳಿದ್ದು ಬಿಟ್ಟಾಕು. ಮಗಳಿಗೆ ದಾರಿ ಬೇಕಲ್ಲೋ."

ತಿಮ್ಮಯ್ಯ ನಮ್ಮ ಕಿಟಕಿಯ ಕಡೆ ಒಮ್ಮೆ ನೋಡಿದ. ಅವನಿಗೆ ನಾನು ಕಂಡೆನೋ ಇಲ್ಲವೋ ತಿಳಿಯದು.

"ಒಳಗೆ ನಿಮ್ಮ ಮಗಳು ಮಲಗಿದಾಳಲ್ಲ ಸಾವ್ಕಾರ್ರೇ" ಅಂದ.

ಅಷ್ಟು ಹೇಳಿ, ಅದೇ ತಾಳದಲ್ಲಿ ಸದ್ದಿಲ್ಲದೆ ಬಾರಿಸುತ್ತ ಹೊಳೆಯ ಕಡೆ ಹೋದ. ನಾನು ಬದುಕಿದ್ದು ಕ್ವಿನೈನ್ ಮಾತ್ರೆಯಿಂದಲೇ ಇರಬೇಕು. ಬುದ್ಧಿ ಹಾಗೇ ಹೇಳುತ್ತದೆ. ಮನಸ್ಸು ಮಾತ್ರ ಇವತ್ತಿಗೂ ಒಪ್ಪುವುದಿಲ್ಲ.

ಜ್ವರ ಇಳಿದ ಮೇಲೆ ಹಿರಿಯರು ಅವನಿಗೆ ಮತ್ತೆ ಹೇಳಿಕಳಿಸಿದರು. ಮುಂದಿನ ಸಾವಿಗೆ ಬಂದ, ಒಂದು ಪೆಟ್ಟು ಹಾಕಿದ, ಬಿಟ್ಟ. ಜನ ಕಾದರು. ಹೊಳೆ ಬಂದರೂ ಎರಡನೆಯ ಪೆಟ್ಟು ಬೀಳಲಿಲ್ಲ. ತಿಮ್ಮಯ್ಯನಿಗೆ ಮರೆವು ಹತ್ತಿದೆ ಎಂದರು ಕೆಲವರು. ನನಗೆ ಮಾತ್ರ, 'ಅದಿನ್ನೂ ಮುಗಿದಿಲ್ಲ' ಎನ್ನುತ್ತಿದ್ದ ರಂಗಿಯ ಮಾತು ನೆನಪಾಯಿತು. ಆಮೇಲೆ ಅವನನ್ನು ಯಾರೂ ಕರೆಯಲಿಲ್ಲ. ಅಂಗಡಿಗೆ ಬರುತ್ತಿದ್ದ, ಜಗಲಿಯಲ್ಲಿ ಕೂರುತ್ತಿದ್ದ. ಪಾತ್ರೆಗಳನ್ನು ಮುಟ್ಟುತ್ತಿರಲಿಲ್ಲ. ಅಪ್ಪನೇ ಒಂದೊಂದು ಸಲ, "ಒಂಚೂರು ತಟ್ಟಿ ನೋಡೋ" ಎಂದು ಹೊಸ ಚೊಂಬು ಮುಂದಿಡುತ್ತಿದ್ದರು. ಅವನು ನಕ್ಕಂತೆ ಮಾಡಿ ಪಕ್ಕಕ್ಕೆ ಸರಿಸುತ್ತಿದ್ದ.

ನನ್ನನ್ನು ಕೊಪ್ಪಕ್ಕೆ ಮದುವೆ ಮಾಡಿಕೊಟ್ಟರು. ಹೊರಡುವ ಮುನ್ನ, "ನಾನು ಒಯ್ಯೋ ಬಟ್ಟಲು ನೀನೇ ಆರಿಸಿಕೊಡಬೇಕು ತಿಮ್ಮಯ್ಯ" ಎಂದು ಹಟ ಹಿಡಿದೆ. ಅವನು ಎದ್ದು ಬಂದ. ಮೂಲೆಯಲ್ಲಿದ್ದ ಒಂದು ಕಂಚಿನ ಬಟ್ಟಲನ್ನು ಅಂಗೈ ಮೇಲಿಟ್ಟುಕೊಂಡು ಒಂದೇ ಒಂದು ಸಲ ತಟ್ಟಿದ. ದನಿ ಆರುವವರೆಗೂ ಇಬ್ಬರೂ ಕಾದೆವು.

"ಇದನ್ನ ತಗೋ ಮಗಾ. ರಂಗಿಗೆ ಅಂತ ನೋಡಿಟ್ಟಿದ್ದೆ."

ನಾನು ಅವನನ್ನು ಕಂಡದ್ದು ಅದೇ ಕೊನೆ. ಕೆಲವು ವರ್ಷದ ಮೇಲೆ ನನ್ನ ತಮ್ಮ ಕೊಪ್ಪಕ್ಕೆ ಬಂದವನು, ಊಟದ ನಡುವೆ, ತಿಮ್ಮಯ್ಯ ಹೋದ ಎಂದು ಹೇಳಿದ.

"ಯಾರು ಬಾರಿಸಿದ್ರು?" ಎಂದು ಕೇಳಿದೆ.

"ಯಾರಿದಾರೆ ಬಾರ್ಸೋಕೆ? ಹಂಗೇ ಎತ್ಕಂಡು ಹೋದ್ರು."

ಅವನಿಗೆ ಮಜ್ಜಿಗೆ ಬಡಿಸಿ ಒಳಗೆ ಹೋದೆ. ನಾಗಂದಿಗೆಯಿಂದ ಆ ಬಟ್ಟಲನ್ನು ತೆಗೆದು, ಅಂಗೈ ಮೇಲಿಟ್ಟು, ಬೆರಳು ಮಡಿಸಿ ತಟ್ಟಿದೆ. ಇದು ತಿಮ್ಮಯ್ಯನಿಗೆ. ದನಿ ಆರಿತು. ಆರಿದ ಮೇಲೂ ಕಾದೆ, ರಂಗಿ ನನ್ನ ಕೈ ಹಿಡಿದು ಕಾಯಿಸುತ್ತಿದ್ದಳಲ್ಲ, ಅಷ್ಟು ಹೊತ್ತು. ಆಮೇಲೆ ಇನ್ನೊಂದು, ಅವಳಿಗೆ.

ಹೊರಗಿನಿಂದ ಅತ್ತೆ ಕೂಗಿದರು: "ಎಂತದೇ ಅದು ಗಲಾಟೆ?"

"ಏನಿಲ್ಲ ಅತ್ತೆ" ಅಂದೆ. "ಬಟ್ಟಲು ಬಿತ್ತು."